ನನ್ನ ದೇವರಿಗೆ ಫ್ಯಾಮಿಲಿ ಕಾರ್ಡ್ ಬೇಡ

ಅಪ್ಪ ತೀರಿಕೊಂಡ ದಿನ ನನ್ನ ಅಂಗಿ ಜೇಬಿನಲ್ಲಿ ಎರಡು ರಸೀದಿ ಇದ್ದವು. ಒಂದು ಆಸ್ಪತ್ರೆಯದು, ಇನ್ನೊಂದು ಚರ್ಚಿನದು. ಆಸ್ಪತ್ರೆಯವರು ದುಡ್ಡು ಕಟ್ಟಿಸಿಕೊಂಡು ದೇಹ ಕೊಟ್ಟರು. ಚರ್ಚಿನವರು ದುಡ್ಡು ಕಟ್ಟಿಸಿಕೊಂಡು ಮಣ್ಣು ಕೊಟ್ಟರು.

ಚರ್ಚಿನ ರಸೀದಿಯಲ್ಲಿ ಬರೆದಿದ್ದು ‘ವಂತಿಗೆ ಬಾಕಿ, 6 ವರ್ಷ’. ತಿಂಗಳಿಗೆ 100 ರೂಪಾಯಿಯಂತೆ 7,200. ಸಮಾಧಿಯ ಗುಂಡಿಗೆ ಬೇರೆ ಲೆಕ್ಕ. ಆಫೀಸಿನಲ್ಲಿ ಕೂತಿದ್ದವರು ಕೆಟ್ಟವರಲ್ಲ, ನನ್ನ ಮುಖ ನೋಡಿ ಟೀ ತರಿಸಿಕೊಟ್ಟರು. ಆದರೆ ಮೊದಲ ಪ್ರಶ್ನೆ ‘ಯಾರು ಹೋದರು’ ಅಂತ ಅಲ್ಲ, ‘ಫ್ಯಾಮಿಲಿ ಕಾರ್ಡ್ ತಂದಿದೀರಾ ಸರ್’ ಅಂತ. ಮನೆಯಲ್ಲಿ ಅಪ್ಪ ಬಾಡಿಗೆ ಫ್ರೀಜರ್ ಬಾಕ್ಸಿನಲ್ಲಿ ಮಲಗಿದ್ರು. ನಾನು ಮೇಜಿನ ಮೇಲಿದ್ದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ. ಪಕ್ಕದಲ್ಲಿದ್ದ ಪುಟ್ಟ ಸ್ಪೀಕರ್ರು ದುಡ್ಡು ಬಂದಿದೆ ಅಂತ ಇಡೀ ವರಾಂಡಕ್ಕೆ ಕೇಳೋ ಹಾಗೆ ಕೂಗ್ತು. ಅದಾದ ಮೇಲೆ ‘ನಾಳೆ 11 ಗಂಟೆಗೆ ಇಟ್ಕೊಳ್ಳಿ’ ಅಂದರು.

ಯಾವ ಚರ್ಚು ಅಂತ ಹೇಳಲ್ಲ. ಒಂದು ಚರ್ಚಿನ ಜಗಳ ಇದಲ್ಲ. ನಿಮ್ಮಲ್ಲಿ ಕ್ರೈಸ್ತರಾಗಿ ಹುಟ್ಟಿದವರಿಗೆ ಈ ಮೇಜು, ಈ ಪುಸ್ತಕ, ಈ ಪ್ರಶ್ನೆ ಗೊತ್ತೇ ಇರುತ್ತೆ. ಮದುವೆಗೆ ಕಾಗದ, ಮಗುವಿನ ಜ್ಞಾನಸ್ನಾನಕ್ಕೆ ಕಾಗದ, ಊರು ಬದಲಾಯಿಸಿದರೆ ಹಳೇ ಧರ್ಮಕೇಂದ್ರದಿಂದ ಹೊಸದಕ್ಕೆ ಕಾಗದ. ನಮ್ಮ ಕಂಪನಿಯಲ್ಲಿ ಕೆಲಸ ಬಿಡೋವಾಗ ಇಷ್ಟು ಕ್ಲಿಯರೆನ್ಸ್ ಕೇಳಲ್ಲ.

ನಾನಿರೋದು ಮಾಕಳಿಯಲ್ಲಿ. ತುಮಕೂರು ರಸ್ತೆ, ನೆಲಮಂಗಲಕ್ಕೆ ಸ್ವಲ್ಪ ಮುಂಚೆ. ಹಾಸನದ ಬಸ್ಸುಗಳೆಲ್ಲ ನಮ್ಮ ಮನೆ ಹತ್ತಿರದಿಂದಲೇ ಹೋಗ್ತವೆ ಅನ್ನೋದು ಇಲ್ಲಿ ಸೈಟ್ ತಗೊಂಡಿದ್ದಕ್ಕೆ ಒಂದು ಕಾರಣ. ಮಾದಾವರದವರೆಗೆ ಮೆಟ್ರೋ ಬಂದ ಮೇಲೆ ಆಫೀಸಿಗೆ ಹೋಗೋದೂ ಸಲೀಸು. ಬೆಳಗ್ಗೆ ಐದೂವರೆಗೆ ಏಳ್ತೀನಿ. ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟು ಅಜ್ಜಿಯ ಜಪಸರ ಕೈಗೆ ತಗೋತೀನಿ. ಮರದ ಮಣಿ, ಸವೆದು ಹುಣಸೆ ಬೀಜದ ಬಣ್ಣಕ್ಕೆ ಬಂದಿವೆ. ಒಂದು ಸುತ್ತು ಮುಗಿಯೋಕೆ ಹದಿನೈದು ಇಪ್ಪತ್ತು ನಿಮಿಷ. ಅಷ್ಟೇ ನನ್ನ ಧರ್ಮ. ಭಾನುವಾರ ಚರ್ಚಿಗೆ ಹೋಗಲ್ಲ. ಅಪ್ಪನ ಮಣ್ಣು ಮುಗಿಸಿ ಬಂದ ಮೇಲೆ ಪೂಜೆಗೆ ಅಂತ ಒಳಗೆ ಕಾಲಿಟ್ಟಿಲ್ಲ.

‘ಹಾಗಾದ್ರೆ ನೀನು ಕ್ರೈಸ್ತನೇ ಅಲ್ಲ’ ಅಂತ ನನ್ನ ಚಿಕ್ಕಪ್ಪ ಅಂದ್ರು. ಅವರಿಗೆ ಉತ್ತರ ಕೊಡೋಕೆ ಹೋಗಿ ಇಷ್ಟೆಲ್ಲ ಬರೀತಿದೀನಿ.

ನಮ್ಮ ಕಡೆಯ ಕಥೆಯಿಂದಲೇ ಶುರು ಮಾಡೋಣ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ಚರ್ಚನ್ನ ನೀವು ನೋಡಿರ್ತೀರಿ, ಕೊನೇಪಕ್ಷ ಯಾರದೋ ಪ್ರಿವೆಡ್ಡಿಂಗ್ ಫೋಟೋದಲ್ಲಿ. ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ, ಬೇಸಿಗೆಯಲ್ಲಿ ಎದ್ದು ನಿಲ್ಲೋ ಆ ಮಾಡಿಲ್ಲದ ಗೋಡೆಗಳು. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಅಣೆಕಟ್ಟು ಬಂತು, ಊರು ಎದ್ದಿತು. ನನ್ನ ಅಜ್ಜಿ ಆ ಸೀಮೆಯದು. ಅದರ ಅಪ್ಪನ ಗೋರಿ ಈಗ ನೀರಿನಡಿ. ‘ಗುಡಿ ಮುಳುಗೋಯ್ತು ಕಣ್ ಮಗ, ಜಪ ಮುಳುಗಲಿಲ್ಲ’ ಅಂತ ಅಜ್ಜಿ ಹೇಳ್ತಿತ್ತು. ಹೊಸ ಜಾಗದಲ್ಲಿ ಗುಡಿ ಏಳೋವರೆಗೆ ಸಂಜೆ ಹೊತ್ತು ಯಾರದಾದರೂ ಮನೆ ಜಗಲಿ ಮೇಲೆ ಸೇರ್ತಿದ್ರಂತೆ. ಯಾರ ಮನೆ ಎಮ್ಮೆ ಕರು ಹಾಕಿದೆಯೋ ಅವರ ಮನೆಯಲ್ಲಿ ಕಾಫಿ.

ಇದೇ ಅಜ್ಜಿ ಹುಡುಗಿಯಾಗಿದ್ದಾಗ ಪೂಜೆ ಲ್ಯಾಟಿನ್ನಿನಲ್ಲಿ. ಒಂದಕ್ಷರ ತಿಳೀತಿರಲಿಲ್ಲ. ಪಾದ್ರಿ ಬೆನ್ನು ತಿರುಗಿಸಿಕೊಂಡು ತಮ್ಮ ಪಾಡಿಗೆ ತಾವು ಹೇಳ್ತಿದ್ರೆ, ಹೆಂಗಸರೆಲ್ಲ ಹಿಂದೆ ಕೂತು ತಮ್ಮ ಪಾಡಿಗೆ ತಾವು ಜಪಸರ ಎಣಿಸ್ತಿದ್ರು. ಅಂದರೆ ಚರ್ಚಿನ ಒಳಗೇ ಒಂದು ಖಾಸಗಿ ಧರ್ಮ ನಡೀತಿತ್ತು. ನಾನು ಅದನ್ನ ಅಡುಗೆಮನೆಗೆ ತಂದಿದೀನಿ ಅಷ್ಟೇ.

ಆ ಸೀಮೆಗೆ ಇನ್ನೂ ಹಿಂದಿನ ಕಥೆ ಇದೆ. ಶೆಟ್ಟಿಹಳ್ಳಿಗೆ ಹತ್ತಿರದ ಸಾತಳ್ಳಿಯಲ್ಲಿ ಕ್ರೈಸ್ತರನ್ನ ನೆಲೆ ನಿಲ್ಲಿಸಿದವರು ಅಬ್ಬೆ ದುಬಾಯ್. 1792ರಲ್ಲಿ ಇಂಡಿಯಾಕ್ಕೆ ಬಂದು, ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಪ್ಯಾರಿಸ್ ಮಿಷನ್ನಿನ ಪಾದ್ರಿ. ಕಾವಿ ತೊಟ್ಟು, ಮಾಂಸ ಬಿಟ್ಟು ಬದುಕಿದವರು. ಸಿಡುಬಿನ ಲಸಿಕೆ ಹಾಕಿಸೋಕೆ ಊರೂರು ಸುತ್ತಿದವರು. ಮೂವತ್ತು ವರ್ಷ ಇಲ್ಲಿ ದುಡಿದು 1823ರಲ್ಲಿ ವಾಪಸ್ ಹೋದಾಗ ಅವರು ಪ್ರಕಟಿಸಿದ ಪತ್ರಗಳ ಸಾರಾಂಶ ಏನು ಗೊತ್ತಾ? ಈ ದೇಶದಲ್ಲಿ ಕ್ರೈಸ್ತ ಧರ್ಮ ಬೇರೂರೋದು ಸಾಧ್ಯವೇ ಇಲ್ಲ ಅಂತ. ಸಂಸ್ಥೆಯ ಕಣ್ಣಿಗೆ ಸೋತ ಪ್ರಾಜೆಕ್ಟು. ಆದರೆ ಸಾತಳ್ಳಿಯ ಜನ ಇನ್ನೂರು ವರ್ಷವಾದರೂ ಜಪ ಮಾಡ್ತಾನೇ ಇದಾರೆ. ದುಬಾಯ್ ಲೆಕ್ಕದಲ್ಲಿ ನಮ್ಮ ಅಜ್ಜಿಯಂಥವರು ಇರಲಿಲ್ಲ.

ಅದೇ ಪ್ಯಾರಿಸ್ ಮಿಷನ್ನಿನ ಇನ್ನೊಬ್ಬ ಪಾದ್ರಿ, ಪೆತಿಜಾನ್, 1865ರಲ್ಲಿ ಜಪಾನಿನ ನಾಗಾಸಾಕಿಯಲ್ಲಿ ಹೊಸ ಚರ್ಚು ತೆರೆದು ಕೂತಿದ್ರು. ಒಂದು ದಿನ ಹತ್ತಿರದ ಹಳ್ಳಿಯ ಬಡವರ ಗುಂಪೊಂದು ಒಳಗೆ ಬಂದು, ತಾವೂ ಅದೇ ಮನಸ್ಸಿನವರು ಅಂತ ಪಿಸುಗುಟ್ಟಿ, ಮರಿಯಮ್ಮನ ವಿಗ್ರಹ ಎಲ್ಲಿದೆ ಅಂತ ಕೇಳಿತು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಆ ದೇಶದಲ್ಲಿ ಕ್ರೈಸ್ತ ಧರ್ಮ ನಿಷೇಧ, ಸಿಕ್ಕಿಬಿದ್ದರೆ ಪ್ರಾಣ ಹೋಗೋ ಕಾಲ, ಒಬ್ಬನೇ ಒಬ್ಬ ಪಾದ್ರಿ ಇಲ್ಲ. ಬೌದ್ಧರ ಕಾನ್ನೊನ್ ಪ್ರತಿಮೆಯನ್ನೇ ಮರಿಯಮ್ಮ ಅಂದುಕೊಂಡು ಕೈ ಮುಗಿದಿದ್ರು. ಅವರಲ್ಲೂ ಹಬ್ಬದ ದಿನ ಲೆಕ್ಕ ಹಾಕೋನೊಬ್ಬ, ಮಗುವಿಗೆ ನೀರು ಹಾಕೋನೊಬ್ಬ ಇದ್ದ, ನಿಜ. ಆದರೆ ಅವನು ಪಕ್ಕದ ಮನೆಯ ರೈತ ಅಥವಾ ಮೀನುಗಾರ. ಚರ್ಚು ವಾಪಸ್ ಬಂದ ಮೇಲೂ ಕೆಲವರು ಅದಕ್ಕೆ ಸೇರದೆ ಹಳೇ ದಾರಿಯಲ್ಲೇ ಉಳಿದುಬಿಟ್ಟರು. ಅವರನ್ನ ನೆನೆದಾಗೆಲ್ಲ ನನಗೆ ಧೈರ್ಯ ಬರುತ್ತೆ.

ಸರಿ, ಬೆಂಗಳೂರಿಗೆ ಬರೋಣ. ಎರಡನೇ ವ್ಯಾಟಿಕನ್ ಮಹಾಸಭೆ 1960ರ ದಶಕದಲ್ಲಿ ಪೂಜೆ ಜನರ ಭಾಷೆಯಲ್ಲಿ ನಡೀಲಿ ಅಂತ ಬಾಗಿಲು ತೆರೆಯಿತು. ಇಲ್ಲಿ ಜನರ ಭಾಷೆ ಯಾವುದು ಅಂತ ಜಗಳ ಶುರುವಾಯ್ತು. ಕನ್ನಡದ ಕ್ರೈಸ್ತರ ಬೇಡಿಕೆ ನ್ಯಾಯವಾದದ್ದೇ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದು ಪೂಜೆಯ ಭಾಷೆಯ ಪ್ರಶ್ನೆಯಾಗಿ ಉಳೀತಾ? ಯಾರು ಬಿಷಪ್ಪು, ಯಾರಿಗೆ ಯಾವ ಚರ್ಚು, ಸೆಮಿನರಿ ಯಾರ ಕೈಲಿ ಅನ್ನೋದರಲ್ಲಿ ಅರ್ಧ ಶತಮಾನ ಕಳೀತು. 2013ರ ಈಸ್ಟರ್ ಹಬ್ಬದ ರಾತ್ರಿ ಮಲ್ಲೇಶ್ವರದ ಸೇಂಟ್ ಪೀಟರ್ಸ್ ಸೆಮಿನರಿಯ ಒಳಗೇ ಅದರ ಮುಖ್ಯಸ್ಥ ಫಾದರ್ ಕೆ.ಜೆ. ಥಾಮಸ್ ಅವರ ಕೊಲೆಯಾಯ್ತು. ಮರುವರ್ಷ ಪೊಲೀಸರು ಬಂಧಿಸಿದವರಲ್ಲಿ ಪಾದ್ರಿಗಳೂ ಇದ್ದರು. ತಪ್ಪು ಯಾರದು ಅನ್ನೋದು ಕೋರ್ಟಿನ ಮಾತು, ನನ್ನದಲ್ಲ. ನನಗೆ ನೆನಪಿರೋದು ಆ ವಾರ ಅಪ್ಪ ಪೇಪರ್ ಮಡಿಸಿಟ್ಟ ರೀತಿ. ಆ ಪುಟ ಒಳಗಡೆ ಬರೋ ಹಾಗೆ, ಎರಡು ಸಲ ಮಡಿಸಿ, ಬೀರು ಮೇಲಿಟ್ಟರು.

ಪ್ರೊಟೆಸ್ಟೆಂಟ್ ಗೆಳೆಯರು ನಗಬೇಡಿ. ನಿಮ್ಮಲ್ಲಿ ಚುನಾವಣೆ, ಆಸ್ತಿ, ಸ್ಟೇ ಆರ್ಡರ್ರು. ಮಿಷನರಿಗಳು ಬಿಟ್ಟುಹೋದ ಕಾಂಪೌಂಡು ಎಷ್ಟು ದೊಡ್ಡದೋ ಜಗಳವೂ ಅಷ್ಟೇ ದೊಡ್ಡದು.

‘ಆಸ್ಪತ್ರೆ, ಸ್ಕೂಲು ನಡೆಸ್ತಿರೋದು ಇದೇ ಚರ್ಚು ಅಲ್ವಾ?’ ಅಂತ ಕೇಳ್ತೀರಿ. ಹೌದು. 1886ರಿಂದ ಸೇಂಟ್ ಮಾರ್ತಾಸ್ ಆಸ್ಪತ್ರೆಯನ್ನ ಸಿಸ್ಟರುಗಳು ನಡೆಸಿಕೊಂಡು ಬಂದಿರೋದನ್ನ ನೋಡಿ ಟೋಪಿ ತೆಗೀತೀನಿ. ಆಸ್ಪತ್ರೆಗೆ ಸಂಸ್ಥೆ ಬೇಕು, ಲೆಕ್ಕಪತ್ರ ಬೇಕು. ನನ್ನ ಮತ್ತು ದೇವರ ನಡುವೆ ಯಾಕೆ ಬೇಕು? ನಮ್ಮ ಭಾಷೆಯಲ್ಲಿ ಹೇಳೋದಾದರೆ, ನೇರವಾಗಿ ಹೋಗಬೇಕಾದ ರಿಕ್ವೆಸ್ಟಿಗೆ ಮಧ್ಯೆ ಒಂದು ಪ್ರಾಕ್ಸಿ ಕೂರಿಸಿ, ಅದಕ್ಕೆ ತಿಂಗಳ ಸಬ್‌ಸ್ಕ್ರಿಪ್ಶನ್ ಕಟ್ಟಿ ಅಂದ ಹಾಗೆ. ಬಾಗಿಲು ಹಾಕಿಕೊಂಡು ಗುಟ್ಟಾಗಿ ಪ್ರಾರ್ಥನೆ ಮಾಡಿ ಅಂತ ಯೇಸುವೇ ಕಲಿಸಿದ್ದು ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ಚಿಕ್ಕಪ್ಪ ತಕ್ಷಣ 18ನೇ ಅಧ್ಯಾಯ ತೆಗೀತಾರೆ, ಇಬ್ಬರೋ ಮೂವರೋ ಸೇರಿದ ಕಡೆ ತಾನಿರ್ತೀನಿ ಅಂದಿದ್ದೂ ಅವನೇ ಅಂತ. ಸರಿ ಚಿಕ್ಕಪ್ಪ, ಇಬ್ಬರು ಮೂವರಿಗೆ ಫೈನಾನ್ಸ್ ಕಮಿಟಿ ಯಾಕೆ?

ಒಂದು ಕಡೆ ಮಾತ್ರ ನನ್ನ ವಾದ ಕುಂಟುತ್ತೆ, ಅದನ್ನೂ ಹೇಳಿಬಿಡ್ತೀನಿ. ನಮ್ಮ ಮನೆ ಹಿಂದಿನ ವಠಾರದಲ್ಲಿ ಉತ್ತರ ಕರ್ನಾಟಕದ ಒಬ್ಬ ಹೆಣ್ಣುಮಗಳಿದ್ದಾಳೆ. ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸ. ಅವಳು ಹೋಗೋದು ಹಾರ್ಡ್‌ವೇರ್ ಅಂಗಡಿ ಮೇಲಿನ ಒಂದು ಶೀಟ್ ಹಾಲಿಗೆ. ಡ್ರಮ್ಮು, ಕೀಬೋರ್ಡು, ಮೈಕು. ಆ ಗದ್ದಲಕ್ಕೆ ನನಗೆ ತಲೆನೋವು. ಹೋದ ವರ್ಷ ಅವಳು ಡೆಂಗಿ ಬಂದು ಮಲಗಿದಾಗ ಅದೇ ಹಾಲಿನ ನಾಲ್ಕು ಹೆಂಗಸರು ಪಾಳಿ ಹಾಕಿಕೊಂಡು ಗಂಜಿ ತಂದ್ರು, ಬಟ್ಟೆ ಒಗೆದ್ರು, ರಾತ್ರಿ ಜೊತೆಗೆ ಮಲಗಿದ್ರು. ಗೋಡೆಯಾಚೆ ಜಪಸರ ಹಿಡಿದು ಕೂತಿದ್ದ ನನಗೆ ಅವಳಿಗೆ ಜ್ವರ ಅನ್ನೋದೇ ಮೂರು ದಿನ ಗೊತ್ತಿರಲಿಲ್ಲ. ನನ್ನ ಮೌನದ ಭಕ್ತಿಯಲ್ಲಿ ಎಷ್ಟು ಸೋಮಾರಿತನ ಇದೆ ಅಂತ ಅವತ್ತು ನಾಚಿಕೆಯಾಯ್ತು.

ಆದರೆ ಅದೇ ಹಾಲಿಗೆ ಅವಳು ಹನ್ನೆರಡು ಸಾವಿರ ಸಂಬಳದಲ್ಲಿ ಸಾವಿರದ ಇನ್ನೂರು ದಶಮಾಂಶ ಕೊಡ್ತಾಳೆ. ಕೊಡದ ತಿಂಗಳು ವೇದಿಕೆ ಮೇಲಿಂದ ಮಾತು ಬರುತ್ತಂತೆ, ಹೆಸರು ಹೇಳದೆ, ಅವಳಿಗೆ ತಿಳಿಯೋ ಹಾಗೆ. ಗಂಜಿ ತಂದ ನಾಲ್ವರಿಗೆ ಆ ದುಡ್ಡಲ್ಲಿ ಒಂದು ಪೈಸೆ ಹೋಗಲ್ಲ. ಸೇರೋದಕ್ಕೆ ನನ್ನ ತಕರಾರಿಲ್ಲ. ಆ ನಾಲ್ವರು ಸೇರಿದ್ದೇ ಚರ್ಚು, ಮೈಕು ಹಿಡಿದವನು ಅದರ ಮೇಲೆ ಕೂತ ಮಧ್ಯವರ್ತಿ.

ಇನ್ನೊಂದು ಕಡೆಯವರಿಗೂ ಹೇಳೋದಿದೆ. ಲಂಚ್ ಟೇಬಲ್ಲಿನಲ್ಲಿ ನನ್ನ ಕಥೆ ಕೇಳಿದ ಗೆಳೆಯನೊಬ್ಬ ಬೆನ್ನು ತಟ್ಟಿ, ‘ನೀನು ಒಳ್ಳೆ ಕ್ರಿಶ್ಚಿಯನ್ ಮಗಾ, ಧರ್ಮನ ಮನೇಲೇ ಇಟ್ಕೋತೀಯ. ಎಲ್ಲರೂ ನಿನ್ ಥರ ಇದ್ರೆ ಯಾವ ಗಲಾಟೆನೂ ಇರಲ್ಲ’ ಅಂದ. ಊಟ ಗಂಟಲಲ್ಲಿ ಸಿಕ್ಕಿಕೊಂಡಿತು. ಅವರ ಬೀದಿಯ ಗಣೇಶನಿಗೆ ಚಂದಾ ಕೊಟ್ಟು ಚರುಪು ತಿಂದವನು ನಾನು. ಆ ಗಣೇಶನನ್ನ ಮನೆಯಲ್ಲೇ ಇಟ್ಕೋ ಅಂತ ನಾನಂದಿಲ್ಲ. ನಾನು ಮನೆಯಲ್ಲಿ ಪ್ರಾರ್ಥನೆ ಮಾಡೋದು ನನ್ನ ಚರ್ಚಿನ ಮೇಲಿನ ಸಿಟ್ಟಿಗೆ, ನಿಮ್ಮ ನೆಮ್ಮದಿಗಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ತಂದ ಮತಾಂತರದ ಕಾಯ್ದೆ ಓದಿ ನೋಡಿ. ನಂಬಿಕೆ ಬದಲಾಯಿಸೋರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಫಾರಂ ತುಂಬಿಕೊಡಬೇಕು. ನನ್ನ ಮನಸ್ಸಿನೊಳಗೆ ಏನಾಯ್ತು ಅಂತ ಸರ್ಕಾರಕ್ಕೆ ಅರ್ಜಿ! ಚರ್ಚಿನ ಆಫೀಸೂ ಫಾರಂ ಕೇಳುತ್ತೆ, ಸರ್ಕಾರವೂ ಫಾರಂ ಕೇಳುತ್ತೆ. ಶೀಟ್ ಹಾಲಿನ ಬಾಗಿಲಿಗೆ ನಾಳೆ ಯಾರಾದರೂ ಗುಂಪು ಕಟ್ಟಿಕೊಂಡು ಬಂದರೆ, ತಲೆನೋವು ಪಕ್ಕಕ್ಕಿಟ್ಟು ನಾನು ಬಾಗಿಲ ಒಳಗಡೆಯೇ ನಿಲ್ತೀನಿ.

ಚರ್ಚಿನವರಿಗೆ ನನ್ನ ಕೇಳಿಕೆ ದೊಡ್ಡದೇನಲ್ಲ. ಒಂದು ಗುರುವಾರ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಹೋಗಿ ನಿಂತು ನೋಡಿ. ಕುಂಕುಮ ಇಟ್ಟುಕೊಂಡ ಹೆಂಗಸರು, ಬುರ್ಖಾ ಹಾಕಿದವರು, ಪರೀಕ್ಷೆ ಬರೆಯೋ ಹುಡುಗರು, ಮೇಣದಬತ್ತಿ ಹಿಡಿದು ಸಾಲಿನಲ್ಲಿರ್ತಾರೆ. ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಮರಿಯಮ್ಮನ ಹಬ್ಬಕ್ಕೆ ಕಾವಿ ಬಟ್ಟೆ ಉಟ್ಟು ಬರೋರಲ್ಲಿ ಎಷ್ಟು ಜನ ನಿಮ್ಮ ಪುಸ್ತಕದಲ್ಲಿದ್ದಾರೆ? ಅವರ ಹತ್ತಿರ ಯಾರೂ ಕಾರ್ಡ್ ಕೇಳಲ್ಲ. ಪರವೂರ ಭಕ್ತನಿಗೆ ತೆರೆದ ಬಾಗಿಲನ್ನ ನಿಮ್ಮದೇ ನೀರಿನಲ್ಲಿ ಜ್ಞಾನಸ್ನಾನ ಆದವನ ಹೆಣಕ್ಕೂ ತೆರೆಯಿರಿ. ವಂತಿಗೆ ಬೇಕಿದ್ದರೆ ಬದುಕಿರುವವರ ಹತ್ತಿರ ಕೇಳಿ, ಖರ್ಚಿನ ಲೆಕ್ಕ ನೋಟಿಸ್ ಬೋರ್ಡಿಗೆ ಹಾಕಿ. ಗುಂಡಿ ತೋಡುವ ಮುಂಚೆ ಬಾಕಿಯ ಪುಸ್ತಕ ತೆಗೆಯಬೇಡಿ.

ಇಷ್ಟೆಲ್ಲ ಮಾತಾಡಿದ ಮೇಲೆ ಒಂದು ತಪ್ಪೊಪ್ಪಿಗೆ. ಅಮ್ಮ ಈಗಲೂ ಭಾನುವಾರ ಪೂಜೆಗೆ ಹೋಗುತ್ತೆ. ಮಂಡಿ ನೋವು, ಸ್ಕೂಟರಿನಲ್ಲಿ ಬಿಡೋದು ನಾನೇ. ಪೂಜೆ ಮುಗಿಯೋವರೆಗೆ ಎದುರಿನ ಟೀ ಅಂಗಡಿಯಲ್ಲಿ ಕೂತಿರ್ತೀನಿ. ಹೋದ ತಿಂಗಳು ವಾಪಸ್ ಬರುವಾಗ ಹಿಂದಿನಿಂದ ಕೇಳ್ತು: ‘ನಿನ್ ಜಗಳ ನಿನಗಿರ್ಲಿ ಮಗ. ನನ್ನ ಮಾತ್ರ ನಿಮ್ಮಪ್ಪನ ಪಕ್ಕನೇ ಇಡ್ಬೇಕು, ಗೊತ್ತಾಯ್ತಾ?’

ಅವತ್ತೇ ಸಂಜೆ ಆ ಚರ್ಚಿನ ಖಾತೆಗೆ ಆಟೋಪೇ ಹಾಕಿದೆ. ತಿಂಗಳಿಗೆ 100 ರೂಪಾಯಿ, ಪ್ರತಿ 5ನೇ ತಾರೀಕು.