ತೊಡೆ ಎಲುಬಿಗೆ ಏಮ್ಸ್ ಬೇಕಿಲ್ಲ

ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತ ಮೇಲೆ ಆರೋಗ್ಯ ಇಲಾಖೆಗೆ ತಾಲ್ಲೂಕು ಆಸ್ಪತ್ರೆಗಳು ನೆನಪಾದವು. ಸ್ತ್ರೀರೋಗ, ಮಕ್ಕಳ ಹಾಗೂ ಅರಿವಳಿಕೆ ತಜ್ಞರನ್ನು ಇಬ್ಬಿಬ್ಬರಂತೆ ಅಲ್ಲಿಗೆ ಕೊಡುವ ಮಾತು ಬಂತು. ಒಳ್ಳೆಯದೇ. ಆದರೆ ಅರಿವಳಿಕೆ ತಜ್ಞರು ಹೆರಿಗೆ ಕೋಣೆಗೆ ಮಾತ್ರ ಬೇಕಾದವರೇ? ರಾಯಚೂರು ಜಿಲ್ಲೆಯ ಸಿರವಾರ, ಮಾನ್ವಿ, ದೇವದುರ್ಗ ಸೀಮೆಯಲ್ಲಿ ತೊಡೆ ಎಲುಬು ಮುರಿದುಕೊಂಡ ಶಾಲೆ ವಯಸ್ಸಿನ ಮಗುವಿಗೆ ಶಸ್ತ್ರಚಿಕಿತ್ಸೆ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು, ಆಗಬಲ್ಲದು. ಆಗದಿರುವುದಕ್ಕೆ ಕೊಡುವ ಕಾರಣಗಳಲ್ಲಿ ಹೆಚ್ಚಿನವು ನೆಪಗಳು.

ಮೊದಲ ನೆಪ ಏಮ್ಸ್. 2022ರ ಮೇ ತಿಂಗಳಲ್ಲಿ ರಾಯಚೂರಿನಲ್ಲಿ ಏಮ್ಸ್‌ಗಾಗಿ ಶುರುವಾದ ಹೋರಾಟ ನ್ಯಾಯವಾದದ್ದೇ, ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಮಕ್ಕಳ ಆಪರೇಷನ್ ಎಂದೊಡನೆ 'ಅದು ದೊಡ್ಡಾಸ್ಪತ್ರೆ ಕೆಲಸ' ಎಂದು ಕೈತೊಳೆದುಕೊಳ್ಳುವ ಚಾಳಿಯ ಬಗ್ಗೆ.

ಇಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಅಂಕಿಯೊಂದಿದೆ: ಮಗುವಿನ ತೂಕ, 49 ಕೆ.ಜಿ. ಬಾಗುವ ಎರಡು ತೆಳು ಸರಳುಗಳನ್ನು ಮಂಡಿಯ ತುಸು ಮೇಲಿಂದ, ಎಲುಬು ಬೆಳೆಯುವ ಪದರಕ್ಕೆ ತಾಗದಂತೆ, ಮುರಿದ ತೊಡೆ ಎಲುಬಿನೊಳಗೆ ತೂರಿಸುವ ವಿಧಾನವನ್ನು ಫ್ರಾನ್ಸಿನ ನಾನ್ಸಿ ನಗರದ ವೈದ್ಯರು ರೂಢಿಗೆ ತಂದರು. 1988ರಲ್ಲಿ ಅವರು 123 ಮುರಿತಗಳ ಫಲಿತಾಂಶ ಪ್ರಕಟಿಸಿದರು. ನಮ್ಮ ಕಡೆ ಜನ 'ರಾಡ್ ಹಾಕ್ಯಾರ' ಅನ್ನುವುದು ಮಕ್ಕಳ ವಿಷಯದಲ್ಲಿ ಹೆಚ್ಚಾಗಿ ಇದನ್ನೇ. ಇದು ಎಲ್ಲಿ ಸೋಲುತ್ತದೆ ಎಂಬುದನ್ನು 2006ರಲ್ಲಿ 229 ಮಕ್ಕಳ ಅಧ್ಯಯನವೊಂದು ಹುಡುಕಿತು. ತೂಕ 49 ಕೆ.ಜಿ. ದಾಟಿದರೆ ಫಲಿತಾಂಶ ಕೆಡುವ ಸಾಧ್ಯತೆ ಐದು ಪಟ್ಟು. ಭಾರ ಹೆಚ್ಚಾದಂತೆ ಸರಳು ಬಾಗುತ್ತದೆ, ಎಲುಬು ಓರೆಯಾಗಿ ಕೂಡುತ್ತದೆ.

ಈ ಅಂಕಿ ಅಮೆರಿಕದ ದಢೂತಿ ಮಕ್ಕಳಿಗೆ ಎಚ್ಚರಿಕೆ. ನಮಗೆ ಅದು ಅನುಕೂಲ. ಹನ್ನೊಂದು ವರ್ಷದ ಭಾರತೀಯ ಹುಡುಗನ ಸಾಮಾನ್ಯ ತೂಕವೇ 35 ಕೆ.ಜಿ. ಆಸುಪಾಸು. ಸಿರವಾರದ ಕೂಲಿ ಮನೆಗಳಲ್ಲಿ ಅಷ್ಟೂ ಇರುವುದು ಅಪರೂಪ (ಹೆಮ್ಮೆಪಡುವ ಸಂಗತಿಯಲ್ಲ, ಆ ಮಾತು ಬೇರೆ). ಅಂದರೆ 5ರಿಂದ 11 ವರ್ಷದೊಳಗಿನ ನಮ್ಮ ಬಹುಪಾಲು ಮಕ್ಕಳ ನಡು ತೊಡೆಯ ಮುರಿತ ಈ ಸುಲಭ ವಿಧಾನದ ಮಿತಿಯೊಳಗೇ ಬರುತ್ತದೆ. ಅದಕ್ಕೆ ಎಲುಬಿನ ಡಾಕ್ಟರು, ಮಕ್ಕಳಿಗೆ ಅರಿವಳಿಕೆ ಕೊಡಬಲ್ಲವರು, ಆಪರೇಷನ್ ನಡುವೆಯೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರ ಸಾಕು.

ಸರಳು ದುಬಾರಿ ಎನ್ನುತ್ತೀರೋ? 2008ರ ಹೋಲಿಕೆಯೊಂದರಲ್ಲಿ ಟೈಟಾನಿಯಂ ಸರಳು ಹಾಕಿದವರಲ್ಲಿ ಶೇ 23ರಷ್ಟು ಮಂದಿಗೆ ಎಲುಬು ಓರೆಯಾಗಿ ಕೂಡಿತ್ತು. ಅಗ್ಗದ ಉಕ್ಕಿನ ಸರಳಿನವರಲ್ಲಿ ಶೇ 6.

'ಮಕ್ಕಳ ಎಲುಬು ತಾನೇ ಕೂಡ್ತದ' ಎಂಬ ಮಾತು ಅರ್ಧ ನಿಜ. ಐದು ವರ್ಷದೊಳಗಿನವರಿಗೆ ಸೊಂಟದಿಂದ ಕಾಲಿನವರೆಗಿನ ಪಿಓಪಿ ಕಟ್ಟೇ ಸಾಕು, ಚಾಕು ಬೇಡ. ದೊಡ್ಡ ಮಕ್ಕಳಲ್ಲೂ ಎಲುಬು ಕೂಡುತ್ತದೆ, ಆದರೆ ತಿರುಚಿ ಕೂಡಿದ್ದು ಬೆಳೆದಂತೆ ನೆಟ್ಟಗಾಗುವುದಿಲ್ಲ. ನಾಟಿ ವೈದ್ಯರ ಪುತ್ತೂರು ಕಟ್ಟಿನ ಭಕ್ತರು ಇದನ್ನು ಒಪ್ಪುವುದಿಲ್ಲ, ಬಿಡಿ. ಇನ್ನು ಆರು ವಾರ ಕಟ್ಟಿನಲ್ಲಿ ಮಲಗಿದ ಎಂಟು ವರ್ಷದ ಮಗುವನ್ನು ಎತ್ತಿ ಕೂರಿಸಿ ಶೌಚ ಮಾಡಿಸುವವರು ಯಾರು? ತಾಯಿ. ಆಕೆಯ ಕೂಲಿ ಹೋಗುತ್ತದೆ. ಕರ್ನಾಟಕದಲ್ಲಿ 2025–26ರ ಉದ್ಯೋಗ ಖಾತ್ರಿ ದರ ದಿನಕ್ಕೆ 370 ರೂಪಾಯಿ ಇತ್ತು; ವಾರಕ್ಕೆ ಆರು ದಿನದಂತೆ 36 ದಿನಕ್ಕೆ 13,320. ಸರಳು ಹಾಕಿದ ಮಕ್ಕಳು ಬೇಗ ನಡೆದು ಬೇಗ ಶಾಲೆಗೆ ಮರಳಿದರು, ಆಸ್ಪತ್ರೆ ಖರ್ಚು ಮಾತ್ರ ಹೆಚ್ಚುಕಡಿಮೆ ಒಂದೇ ಎಂದು 2004ರ ಅಮೆರಿಕದ ಅಧ್ಯಯನವೇ ಹೇಳಿತ್ತು. ತಾಯಿಯ ಕೂಲಿಗೆ ಮಾತ್ರ ನಮ್ಮ ಯಾವ ಪ್ಯಾಕೇಜ್ ದರದಲ್ಲೂ ಜಾಗವಿಲ್ಲ.

ಎಲ್ಲವೂ ತಾಲ್ಲೂಕಿನಲ್ಲೇ ಆಗಲಿ ಎನ್ನುತ್ತಿಲ್ಲ. 2024ರ ಸೆಪ್ಟೆಂಬರ್ 5ರಂದು ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ಸತ್ತರು, ಕೆಲವರು ಕಾಲು ಕಳೆದುಕೊಂಡರು. ಅಂಥ ಗಾಯಕ್ಕೆ ರಾಯಚೂರಿನ ರಿಮ್ಸ್ ಆಸ್ಪತ್ರೆ ಬೇಕು, ಅದರಾಚೆಯದೂ ಬೇಕು. ಮಂಡಿ ಪಕ್ಕದ ಬೆಳವಣಿಗೆ ಪದರ ಮುರಿದವರು, ತೂಕ ಮೀರಿದವರು ರಾಯಚೂರಿಗೇ ಹೋಗಲಿ. ಆದರೆ ಟ್ರ್ಯಾಕ್ಟರಿನಿಂದ ಬಿದ್ದ, ಬೈಕ್ ತಾಗಿದ ಮಗು ಪತ್ರಿಕೆಯಲ್ಲೂ ಬರುವುದಿಲ್ಲ, ಯಾವ ಮಂತ್ರಿಯೂ ನೋಡಲು ಬರುವುದಿಲ್ಲ. ನಾನು ಹೇಳುತ್ತಿರುವುದು ಆ ಮಗುವಿನ ಮಾತು. ಹತ್ತಿರದಲ್ಲೇ ಆಗಬೇಕೆನ್ನಲು ಇನ್ನೊಂದು ಕಾರಣವಿದೆ: ಹಾಕಿದ ಸರಳನ್ನು ಆರು ತಿಂಗಳಿಂದ ವರ್ಷದೊಳಗೆ ತೆಗೆಯಬೇಕು. ಅಷ್ಟರಲ್ಲಿ ಮನೆಮಂದಿ ಬೆಂಗಳೂರಿಗೆ ಗುಳೆ ಹೋಗಿದ್ದರೆ? ಊರಿನ ಹತ್ತಿರದ ಆಸ್ಪತ್ರೆ ಹಾಕಿದ್ದಾದರೆ ನೆನಪಿಸಿ ಕರೆಸಲು ಆಶಾ ಕಾರ್ಯಕರ್ತೆ ಇದ್ದಾಳೆ. ದೂರದ ನಗರದ ಆಸ್ಪತ್ರೆಗೆ ಆ ಮಗುವಿನ ಊರಿನ ಹೆಸರೂ ನೆನಪಿರುವುದಿಲ್ಲ.

ದುಡ್ಡಿಲ್ಲ ಎನ್ನಬೇಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ, ಹಟ್ಟಿ ಚಿನ್ನದ ಗಣಿಯಿರುವ ಈ ಜಿಲ್ಲೆಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯೂ ಇದೆ. ಮಾನ್ವಿ, ದೇವದುರ್ಗದ ಶಾಸಕರು ಮುಂದಿನ ಪ್ರಗತಿ ಪರಿಶೀಲನಾ (ಕೆಡಿಪಿ) ಸಭೆಯಲ್ಲಿ ಆರೋಗ್ಯಾಧಿಕಾರಿಯನ್ನು ಮೂರೇ ಪ್ರಶ್ನೆ ಕೇಳಲಿ: ಸಿ-ಆರ್ಮ್ ಎಲ್ಲಿದೆ, ಅದನ್ನು ನಡೆಸುವವರು ಯಾರು, ಅರಿವಳಿಕೆ ತಜ್ಞರು ರಾತ್ರಿ ಎಲ್ಲಿರುತ್ತಾರೆ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಲಿ.