ಗಡಿ ದಾಟುವ ಹೊತ್ತನ್ನು ಗೊತ್ತು ಮಾಡುವವರು ಯಾರು?

ಗದಗ-ಬೆಟಗೇರಿಯಿಂದ ಒಣ ಮೆಣಸಿನಕಾಯಿ ಹೇರಿಕೊಂಡು ಪುಣೆಗೆ ಹೊರಟ ಲಾರಿಯು ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿಗಳನ್ನು ಹಾಯ್ದು ಕೊಗನೊಳಿಯ ಹತ್ತಿರ ಕರ್ನಾಟಕವನ್ನು ಬಿಡುತ್ತದೆ. ಸೊಲ್ಲಾಪುರದ ಸರಕಾದರೆ ವಿಜಯಪುರ, ಝಳಕಿಗಳ ಮೇಲೆ ಹಾಯ್ದು ಭೀಮಾ ನದಿಯನ್ನು ದಾಟುತ್ತದೆ. ಎರಡೂ ದಾರಿಗಳಲ್ಲಿ ಹಗಲಿರುಳು ಗಾಡಿಗಳ ಸಾಲು. ಯಾವ ಹೊತ್ತಿನಲ್ಲಿ ದಾಟಿದರೆ ಲೇಸು ಎಂಬುದು ಚಾಲಕನಿಗೆ ಚೆನ್ನಾಗಿ ಗೊತ್ತು. ಆದರೆ ಆ ಹೊತ್ತನ್ನು ಆರಿಸುವ ಅಧಿಕಾರ ಅವನಿಗಿಲ್ಲ. ಇದು ನಮ್ಮ ವ್ಯಾಪಾರಿಗಳೂ ಕಾರ್ಮಿಕರೂ ಕೂಡಿ ವಿಚಾರ ಮಾಡತಕ್ಕ ಮಾತು.

ನಮ್ಮ ಹಿರಿಯರಿಗೆ ಗಡಿ ಹೊಸದಲ್ಲ. 1948ಕ್ಕೆ ಮೊದಲು ಗದಗ ಮುಂಬಯಿ ಇಲಾಖೆಯಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ ಇದ್ದವು. ಮುಂಡರಗಿ ಮುಂಬಯಿಗೇ ಸೇರಿದ್ದರೂ ಅದರ ಮೂಡಲಿಗೆ ಕೊಪ್ಪಳ ನಿಜಾಮನದು. ತುಂಗಭದ್ರೆಯ ಆಚೆ ಹೂವಿನಹಡಗಲಿ ಮದ್ರಾಸಿನದು. ಇಷ್ಟು ಚಿಕ್ಕ ಸೀಮೆಯಲ್ಲಿ ಐದು ಆಳ್ವಿಕೆ! ನಿಜಾಮನ ಗಡಿಯಲ್ಲಿ ಸರಕಿಗೆ ಸುಂಕ ತೆರಬೇಕಾಗಿತ್ತು. ಆ ಖಾತೆಗೆ ಕರೋಡಗಿರಿ ಎಂದು ಹೆಸರು. 1948ರ ಮಾರ್ಚಿನಲ್ಲಿ ಸಾಂಗ್ಲಿ, ಮಿರಜಗಳು ಮುಂಬಯಿಯಲ್ಲಿ ವಿಲೀನವಾದವು. ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ 1ಕ್ಕೆ ಇವೆಲ್ಲ ಒಂದೇ ರಾಜ್ಯದೊಳಗೆ ಬಂದವು. ಊರ ಬಾಗಿಲಿನ ಜಕಾತಿ ಕರ್ನಾಟಕದಲ್ಲಿ 1979ರಲ್ಲಿ ಹೋಯಿತು. 2017ರ ಜುಲೈ 1ಕ್ಕೆ ಜಿ.ಎಸ್.ಟಿ. ಬಂದ ಮೇಲೆ ರಾಜ್ಯದ ಗಡಿಯ ಮಾರಾಟ ತೆರಿಗೆಯ ನಾಕಾಗಳೂ ಎದ್ದುಹೋದವು.

ನಾಕಾ ಹೋಯಿತೆಂದ ಮೇಲೆ ಕಾಯುವದೂ ಹೋಗಬೇಕಾಗಿತ್ತಲ್ಲವೆ? ಕೆಲವರು ಇ-ವೇ ಬಿಲ್ಲನ್ನು ದೂರುತ್ತಾರೆ. ಐವತ್ತು ಸಾವಿರ ರೂಪಾಯಿ ಮೀರಿದ ತೆರಿಗೆಯ ಸರಕಿಗೆ 2018ರ ಏಪ್ರಿಲದಿಂದ ಆ ಕಾಗದ ಬೇಕು. ಮೊದಲು 100 ಕಿ.ಮೀ.ಗೆ ಒಂದು ದಿನ ಇದ್ದ ಅವಧಿಯನ್ನು 2021ರಿಂದ 200 ಕಿ.ಮೀ.ಗೆ ಒಂದು ದಿನ ಎಂದು ಬಿಗಿಮಾಡಿದರು. ಅವಧಿ ಮುಗಿದ ಕಾಗದದೊಡನೆ ಸಿಕ್ಕುಬಿದ್ದರೆ ದಂಡವು ತೆರಿಗೆಯ ಎರಡರಷ್ಟರ ವರೆಗೆ ಏರಬಹುದು. ದಂಡ ಕ್ರೂರವಾದದ್ದೇ. ಆದರೂ ಪುಣೆಯ ದಾರಿಗೆ ಮೂರು ದಿನ ಸಿಗುತ್ತವೆ. ಗಾಡಿ ಕೆಟ್ಟು ನಿಂತರೆ, ಅವಧಿ ಮುಗಿಯುವ 8 ತಾಸು ಮೊದಲಿನಿಂದ ಮುಗಿದ 8 ತಾಸಿನ ವರೆಗೆ ಅದನ್ನು ಮುಂದೂಡಿಸಿಕೊಳ್ಳಲು ಬರುತ್ತದೆ. ಇದನ್ನು ಪ್ರತಿಯೊಬ್ಬ ಚಾಲಕನೂ ತಿಳಿದಿರಬೇಕು. ಹಸಿ ಉಳ್ಳಾಗಡ್ಡಿಗಂತೂ ಈ ಕಾಗದವೇ ಬೇಡ. ಹಾಗಿದ್ದರೂ ಉಳ್ಳಾಗಡ್ಡಿಯ ಲಾರಿಯೇ ಎಲ್ಲಕ್ಕಿಂತ ಜೋರಾಗಿ ಓಡುತ್ತದೆ. ಯಾಕೆ?

ಯಾಕೆಂದರೆ ಅದನ್ನು ಓಡಿಸುವದು ಕಾಗದವಲ್ಲ, ಲಿಲಾವು. “ಬೆಳಗಿನ ಲಿಲಾವಿಗೆ ಮಾಲು ಮುಟ್ಟಬೇಕು” ಎಂದು ನಾವೇ ಅಪ್ಪಣೆ ಕೊಡುತ್ತೇವೆ. ತೂಕ, ಹೇರುವದು, ಬಿಲ್ಟಿ ಬರೆಯುವದು ಮುಗಿಯುವ ಹೊತ್ತಿಗೆ ಸಂಜೆಯಾಗುತ್ತದೆ. ಹೇರಲು ತಡಮಾಡಿದವರು ನಾವು, ಆ ತಡವನ್ನು ದಾರಿಯಲ್ಲಿ ತುಂಬಿಕೊಡಬೇಕಾದವನು ಚಾಲಕ! ದೊಡ್ಡ ಪಟ್ಟಣಗಳಲ್ಲಿ ಹಗಲು ಭಾರದ ಗಾಡಿಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಎಲ್ಲರೂ ರಾತ್ರಿಯೇ ಗಡಿಗೆ ಮುಗಿಬೀಳುತ್ತಾರೆ. ಅಲ್ಲಿ ಕಳೆದ ತಾಸುಗಳನ್ನು ನಸುಕಿನಲ್ಲಿ, ಕಣ್ಣು ಎಳೆಯುವ ಹೊತ್ತಿನಲ್ಲಿ, ಜೋರಾಗಿ ಓಡಿಸಿ ಗಳಿಸಿಕೊಳ್ಳಬೇಕು. ಲಿಲಾವು ತಪ್ಪಿದರೆ ಬಾಡಿಗೆಯಲ್ಲಿ ಮುರಿತ. ನಿದ್ದೆಗೆಟ್ಟು ಗಾಡಿ ಉರುಳಿದರೆ ಜೀವವೇ ಮುರಿತ. ನಾಲ್ಕು ತಾಸು ಸಾಲಿನಲ್ಲಿ ನಿಂತದ್ದಕ್ಕೆ ಒಂದು ಪೈ ಮಜೂರಿ ಯಾರು ಕೊಟ್ಟಿದ್ದಾರೆ? ಗಿರಣಿಯಲ್ಲಿ ನೂಲು ಬರಲಿಲ್ಲವೆಂದು ಮಗ್ಗ ನಿಂತ ಹೊತ್ತಿನ ಮಜೂರಿಗಾಗಿ ಹೋರಾಡಿದ ಕಾರ್ಮಿಕನಿಗೆ ಈ ಅನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊತ್ತಷ್ಟೇ ಅಲ್ಲ, ದಿನವನ್ನೂ ನೋಡಿ ಹೊರಡಬೇಕಾಗಿದೆ. ನವೆಂಬರ 1 ಬಂತೆಂದರೆ, ಬೆಳಗಾವಿಯಲ್ಲಿ ಅಧಿವೇಶನ ಕೂಡಿತೆಂದರೆ ಗಡಿ ಕಾಯುತ್ತದೆ. 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿಯ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ದವು. ಅತ್ತ ನಮ್ಮ ಬಸ್ಸುಗಳಿಗೆ ಮಸಿ ಬಳಿದರು. 2025ರ ಫೆಬ್ರುವರಿಯಲ್ಲಿ ಕಂಡಕ್ಟರನೊಬ್ಬನಿಗೆ ಹೊಡೆತ ಬಿದ್ದು ಎರಡೂ ಕಡೆಯ ಬಸ್ಸುಗಳು ನಿಂತವು. ಮಹಾಜನ ವರದಿ ಬಂದದ್ದು 1967ರಲ್ಲಿ, ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. ಮುಖಂಡರ ವ್ಯಾಜ್ಯ ಸಾವಕಾಶವಾಗಿ ನಡೆದಿದೆ; ಒಡೆಯುವ ಗಾಜು ಮಾತ್ರ ಲಾರಿಯದು, ಕಂತು ಕಟ್ಟುವವನದು. ಕನ್ನಡದ ಚಾಲಕ, ಮರಾಠಿ ಚಾಲಕ ಒಂದೇ ಧಾಬಾದಲ್ಲಿ ಉಣ್ಣುತ್ತಾರೆಂಬುದನ್ನು ಕಲ್ಲು ಹೊಡೆಸುವವರು ಅರಿಯದವರಲ್ಲ.

ಕಾನೂನು ಕಾಯುತ್ತದೆಂದು ಕೂಡ್ರುವಂತಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ 8 ತಾಸಿನ ಕೆಲಸವೆಂದು ಹೇಳಿತ್ತು. ಆದರೆ ಐದು ಜನ ಕೆಲಸಗಾರರಿದ್ದ ಕಡೆಗೆ ಮಾತ್ರ ಅದು ತಾನಾಗಿ ಅನ್ವಯಿಸುತ್ತಿತ್ತು. ಒಂದೇ ಲಾರಿಯ ಮಾಲಕ, ಅವನ ಚಾಲಕ, ಒಬ್ಬ ಕ್ಲೀನರ ಇವರು ಅದರ ಲೆಕ್ಕಕ್ಕೇ ಬರಲಿಲ್ಲ. ಈಗ ಆ ಕಾಯಿದೆಯ ಜಾಗದಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದಿದೆ.

ಸರಕಾರದ ದಾರಿ ಕಾಯದೆ ನಮ್ಮ ಪೇಟೆಯಲ್ಲಿಯೇ ಆಗಬಹುದಾದ ಕೆಲಸವಿದೆ. ಬಿಲ್ಟಿಯ ಮೇಲೆ ಹೇರಿ ಮುಗಿದ ಹೊತ್ತು, ಗಡಿ ಮುಟ್ಟಿದ ಹೊತ್ತು, ಬಿಟ್ಟ ಹೊತ್ತು ಬರೆಯಲಿ. ಎರಡು ತಾಸಿಗಿಂತ ಹೆಚ್ಚು ನಿಂತರೆ ತಾಸಿಗಿಷ್ಟೆಂದು ಕಾಯುವ ಮಜೂರಿ ಚಾಲಕನ ಕೈಗೆ ಬರಲಿ. ಮಧ್ಯಾಹ್ನದೊಳಗೆ ಹೇರಿ ಕೊಡದ ವ್ಯಾಪಾರಿಗೆ ಮರುದಿನ ಬೆಳಗಿನ ಲಿಲಾವನ್ನು ಕೇಳುವ ಹಕ್ಕಿಲ್ಲವೆಂದು ಗೊತ್ತಾಗಲಿ. ಇದರಿಂದ ಚೀಲಕ್ಕೆ ಬೀಳುವ ಖರ್ಚು ಅಲ್ಪ. ಸಣ್ಣ ವ್ಯಾಪಾರಿಯೊಬ್ಬನೇ ಅದನ್ನು ಹೊರಬೇಕೆಂದಿಲ್ಲ, ಅಡತಿಯವರೂ ಪಾಲು ಕೊಡಲಿ. ಹಮಾಲರು, ಚಾಲಕರು, ಕಿರುಕುಳ ವ್ಯಾಪಾರಸ್ಥರು ಒಂದು ಸಂಜೆ ಗದಗ ಮಾರುಕಟ್ಟೆಯ ಅಂಗಳದಲ್ಲಿ ಕೂಡಿದರೆ ದರ ಗೊತ್ತುಮಾಡಲು ಬರುತ್ತದೆ. ಉಳ್ಳಾಗಡ್ಡಿಯ ಸುಗ್ಗಿ ಬರುವ ಮೊದಲೇ ಆ ಸಭೆ ಆಗಬೇಕು.