ಉಳಿಗೆ ಕನ್ನಡ ಬರುತ್ತಿತ್ತೆ?

ನಮ್ಮ ಕಾಲೇಜಿನ ಕನ್ನಡ ಸಂಘದವರು ಈಚೆಗೆ ನಿವೃತ್ತರಾದ ಹಿರಿಯ ಅಧ್ಯಾಪಕರೊಬ್ಬರಿಗೆ ಒಂದು ಸ್ಮರಣಿಕೆಯನ್ನು ಕೊಟ್ಟರು. ತೇಗದ ದುಂಡನೆಯ ಕಂಬ. ಗೇಣುದ್ದ, 5 ಸೆಂಟಿಮೀಟರು ದಪ್ಪ. ಮೇಲೂ ಕೆಳಗೂ ಲೇಸರಿನಿಂದ ಸುಟ್ಟು ಬರೆದ ಬಳ್ಳಿ. ನಡುವೆ ಆಳವಾಗಿ ಕೊರೆದ ಒಂದೇ ಪದ, 'ವಿದ್ಯಾಧನ'. ನಾವು ಹೇಳಿ ಕಳುಹಿಸಿದ್ದು ಹಾಗೆ. ಸಭೆಯಲ್ಲಿ ಕಾಗದ ಬಿಚ್ಚಿದಾಗ ಕಂಡದ್ದು 'ವಿದ್ಯಾದನ'. ಧಕಾರದ ಹೊಟ್ಟೆಯ ಸೀಳು ಮಾಯವಾಗಿತ್ತು. ಮೂವತ್ತು ವರ್ಷ ಪಾಠ ಹೇಳಿದ ಆ ಹಿರಿಯರು, "ಇಷ್ಟು ಕಾಲ ಮೇಯಿಸಿದ್ದಕ್ಕೆ ತಕ್ಕ ಬಿರುದೇ ಬಿಡಿ" ಎಂದು ನಕ್ಕರು. ಅವರು ದೊಡ್ಡವರು, ನಕ್ಕರು. ನಮಗೆ ನಗು ಬರಲಿಲ್ಲ.

ಮಾರನೆಯ ದಿನ ಕೊರೆದುಕೊಟ್ಟ ಅಂಗಡಿಗೆ ಹೋದೆ. "ಕಂಪ್ಯೂಟರಿನಲ್ಲಿ ಸರಿಯಾಗೇ ಇದೆ ನೋಡಿ ಸಾರ್. ಮಿಷನ್ನು ಕೊರೆದಿಲ್ಲ, ಅಷ್ಟೆ" ಎಂದ ಹುಡುಗ. ಅಧ್ಯಾಪಕರ ಕೊಠಡಿಯಲ್ಲಿ ಬೇರೊಂದು ತೀರ್ಪು ಕಾದಿತ್ತು: "ಯಂತ್ರಕ್ಕೆ ಕನ್ನಡ ಬರುತ್ತದೆಯೇ ಸ್ವಾಮಿ? ಕೈಕೆಲಸದ ಕಾಲ ಮುಗಿಯಿತು." ಮೇಲುನೋಟಕ್ಕೆ ಇವು ಎರಡು ಮಾತು, ವಿಚಾರ ಮಾಡಿದರೆ ಒಂದೇ. ಇಬ್ಬರೂ ತಪ್ಪನ್ನು ಯಂತ್ರದ ತಲೆಗೆ ಕಟ್ಟಿ ಹಗುರಾದವರು. ನನ್ನ ಆಕ್ಷೇಪವಿರುವುದು ಇಲ್ಲಿಯೇ.

ಯಂತ್ರಕ್ಕೆ ಕನ್ನಡ ಬರುವುದಿಲ್ಲ, ಒಪ್ಪಿದೆ. ಉಳಿಗೆ ಬರುತ್ತಿತ್ತೆ?

ನಮ್ಮ ಶಾಸನಗಳನ್ನು ನೋಡಿ. ಎಷ್ಟೋ ಶಾಸನಗಳಲ್ಲಿ ರಚಿಸಿದವನೊಬ್ಬ, ಬರೆದವನೊಬ್ಬ, ಕಂಡರಿಸಿದವನು ಇನ್ನೊಬ್ಬ. ಅವರ ಹೆಸರುಗಳು ಶಾಸನದ ಕೊನೆಗೆ ಸಿಕ್ಕುವುದೂ ಉಂಟು. ತಪ್ಪುಗಳು ಅಲ್ಲಿಯೂ ಇವೆ. ಸಂಪಾದಕರು ಸರಿಪಾಠವನ್ನು ಆವರಣದಲ್ಲಿ ಹಾಕುತ್ತಾರೆ. ಆದರೆ ತಪ್ಪು ಉಳಿಯದೆಂದು ಯಾವ ಸಂಪಾದಕರೂ ಬರೆದದ್ದನ್ನು ನಾನು ಕಂಡಿಲ್ಲ.

ಈಗ ಯಂತ್ರದ ವಿಚಾರ. ನನ್ನ ತಂಗಿಯ ಮಗನ ಬಳಿ ಇಂಥದೊಂದಿದೆ. ಮೂರು ಭಾನುವಾರ ಅದರ ಮುಂದೆ ಕುಳಿತು ಕಲಿತುದನ್ನು ಹೇಳುತ್ತೇನೆ. ಹವ್ಯಾಸಿಗಳ ಸಿಎನ್‌ಸಿ ಯಂತ್ರ ಮೇಜಿನ ಮೇಲೆ ಹಿಡಿಸುವಂಥದು. ಚಿಕ್ಕವುಗಳಲ್ಲಿ ಒಂದು ಬಗೆಗೆ '3018' ಎಂದೇ ಹೆಸರು. 30 ಸೆಂಟಿಮೀಟರು ಉದ್ದ, 18 ಸೆಂಟಿಮೀಟರು ಅಗಲ, ಇಷ್ಟೇ ಅದರ ರಾಜ್ಯ. ಹುಡುಗನದು ಅದಕ್ಕಿಂತ ದೊಡ್ಡದು. ಇದರಲ್ಲಿ ರೌಟರ್ ಗಿರ್ರನೆ ತಿರುಗುವ ಬಿಟ್‌ನಿಂದ ಮರವನ್ನು ಕೊರೆಯುತ್ತದೆ. ಲೇಸರ್ ಮರವನ್ನು ಮುಟ್ಟದೆಯೇ ಸುಟ್ಟು ಗೆರೆ ಬರೆಯುತ್ತದೆ. ರೋಟರಿ ಎಂಬ ಜೋಡಣೆ ದುಂಡು ಮರವನ್ನು ಹಿಡಿದು ಉರುಳಿಸುತ್ತದೆ. ಯಂತ್ರದ ವೈ ಅಕ್ಷದ ತಂತಿಯನ್ನು ಬಿಚ್ಚಿ ರೋಟರಿಗೆ ಸಿಕ್ಕಿಸುವುದು ಹಲವರ ಪದ್ಧತಿ. ಯಂತ್ರ ತಾನು ನೆಟ್ಟಗೆ ನಡೆಯುತ್ತಿದ್ದೇನೆಂದೇ ನಂಬಿರುತ್ತದೆ. ನಡೆಯುತ್ತಿರುವುದು ಮರದ ಸುತ್ತು. 5 ಸೆಂಟಿಮೀಟರು ವ್ಯಾಸಕ್ಕೆ ಸುತ್ತಳತೆ ಸುಮಾರು 15.7, ಈ ಲೆಕ್ಕವನ್ನು ಮೊದಲೇ ಹೇಳಿಕೊಡಬೇಕು. ಕಂಬ ತುದಿಗೆ ಸಪುರವಾಗಿ ವ್ಯಾಸ 4 ಸೆಂಟಿಮೀಟರಿಗೆ ಇಳಿದರೆ, ಅಲ್ಲಿ ಅಕ್ಷರವೂ ಐದರಲ್ಲೊಂದು ಪಾಲು ಕುಗ್ಗುತ್ತದೆ. ಯಂತ್ರ ಎಚ್ಚರಿಸುವುದಿಲ್ಲ.

ಮೂರನ್ನೂ ಕೂಡಿಸುವುದು ಸುಲಭವೂ ಅಲ್ಲ. ಉರುಳೆಗಳ ಮೇಲೆ ಮರವನ್ನು ಸುಮ್ಮನೆ ಇಟ್ಟರೆ ಲೇಸರಿಗೆ ಸಾಕು. ರೌಟರಿನ ಒತ್ತಡಕ್ಕೆ ಅದು ಜಾರುತ್ತದೆ. ಚಕ್‌ನಲ್ಲಿ ಕಚ್ಚಿಸಿ, ಇನ್ನೊಂದು ತುದಿಗೂ ಆಸರೆ ಕೊಡಬೇಕು. ರೌಟರಿನ ಪಕ್ಕದಲ್ಲಿ ಲೇಸರನ್ನು ಕೂರಿಸಿದರೆ ಅವೆರಡರ ನಡುವಿನ ಅಂತರವನ್ನು ಅಳೆದು ಲೆಕ್ಕಕ್ಕೆ ಸೇರಿಸಬೇಕು. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ರೌಟರನ್ನು ತಿರುಗಿಸುವ ಅಪ್ಪಣೆಯೇ ಲೇಸರನ್ನು ಹೊತ್ತಿಸುವ ಅಪ್ಪಣೆ. ಒಂದಕ್ಕೆ ಬರೆದದ್ದನ್ನು ಮರೆತು ಇನ್ನೊಂದಕ್ಕೆ ಓಡಿಸಿದರೆ ಮರ ಕರಿಕಾಗುತ್ತದೆ. ಕೊರೆದ ಪುಡಿಯನ್ನು ಗುಡಿಸಿದ ಮೇಲೆಯೇ ಲೇಸರಿನ ಸರದಿ. ಅದಕ್ಕೆ ತಕ್ಕ ಕನ್ನಡಕವಿಲ್ಲದೆ ಹತ್ತಿರ ಸುಳಿಯಬಾರದು. ಪಿವಿಸಿ ಹಲಗೆಯ ಮೇಲಂತೂ ಲೇಸರನ್ನು ಹಾಯಿಸಲೇಬಾರದು. ಅದರಿಂದೇಳುವ ಹೈಡ್ರೋಜನ್ ಕ್ಲೋರೈಡು ಮನುಷ್ಯನ ಶ್ವಾಸಕೋಶಕ್ಕೂ ಯಂತ್ರದ ಕಬ್ಬಿಣಕ್ಕೂ ಕೇಡು. ಇಷ್ಟೆಲ್ಲ ಎಚ್ಚರ ಬೇಡುವ ಕೆಲಸವನ್ನು 'ಗುಂಡಿ ಒತ್ತಿದರಾಯಿತು' ಎಂದು ಹಳಿಯುವವರು ಒಮ್ಮೆ ಒತ್ತಿ ನೋಡಲಿ.

ಇನ್ನು ನಮ್ಮ ಧಕಾರ ದಕಾರವಾದದ್ದು ಹೇಗೆ? ಅಕ್ಷರದ ಮೈ ಎರಡೂವರೆ ಮಿಲಿಮೀಟರು ಅಗಲವಿತ್ತು. ಹೊಟ್ಟೆಯ ಸೀಳು ಒಂದೇ ಮಿಲಿಮೀಟರು. ಬಿಟ್ ಎರಡು ಮಿಲಿಮೀಟರಿನದು. ತಾನು ತೂರಲಾರದ ಸಂದಿಯನ್ನು ತಂತ್ರಾಂಶ ತೆಪ್ಪಗೆ ಬಿಟ್ಟುಬಿಟ್ಟಿತು. ಆದರೆ ಅದೇ ಯಂತ್ರದಲ್ಲಿ, ಅದೇ ಮರದೆದುರು, ಲೇಸರೂ ಇತ್ತು. ಅದರ ಮೊನೆ ಮಿಲಿಮೀಟರಿಗಿಂತ ಎಷ್ಟೋ ಸೂಕ್ಷ್ಮ. ಬಳ್ಳಿಯ ಎಲೆಯ ನರನರವನ್ನೂ ಬಿಡದೆ ಬರೆದ ಲೇಸರಿಗೆ ಒಂದು ಮಹಾಪ್ರಾಣವನ್ನು ಬರೆಯುವುದು ಭಾರವಾಗಿತ್ತೆ? ಅಲಂಕಾರಕ್ಕೆ ಸೂಕ್ಷ್ಮ, ಅಕ್ಷರಕ್ಕೆ ಒರಟು ಎಂದು ಹಂಚಿಕೊಟ್ಟವನು ಮನುಷ್ಯ. ಮೂರು ಉಪಕರಣಗಳನ್ನು ಕೂಡಿಸುವುದೆಂದರೆ ಯಾವ ಗೆರೆ ಯಾವುದರ ಪಾಲು ಎಂದು ನಿರ್ಧರಿಸುವುದು. ಆ ನಿರ್ಧಾರಕ್ಕೆ ಅಕ್ಷರಜ್ಞಾನ ಬೇಕು. ಮಹಾಪ್ರಾಣವೇ ಕನ್ನಡಕ್ಕೆ ಬೇಡವೆಂಬ ವಾದವೂ ನಮ್ಮಲ್ಲಿ ಉಂಟಷ್ಟೆ; ಅದನ್ನು ಪಂಡಿತರು ತೀರ್ಮಾನಿಸಲಿ, ಎರಡು ಮಿಲಿಮೀಟರಿನ ಬಿಟ್ ತೀರ್ಮಾನಿಸುವುದು ಬೇಡ.

ಕೈಕೆಲಸದ ಅಭಿಮಾನಿಗಳಿಗೆ ಒಂದು ಮಾತು. ಬೇಲೂರು, ಹಳೇಬೀಡುಗಳ ದುಂಡು ಕಂಬಗಳ ಮುಂದೆ ನಾವು ಮೈಮರೆತು ನಿಲ್ಲುತ್ತೇವೆ. ಅವುಗಳ ಮೈಯ ಉಂಗುರಗಳು ಬಳಪದ ಕಲ್ಲನ್ನು ತಿರುಗಿಸಿ ಕಡೆದಾಗ ಮೂಡಿದವು. ಚನ್ನಪಟ್ಟಣದ ಬೊಂಬೆಯೂ ತಿರುಗುವ ಲೇತಿನ ಮೇಲೆ ಹಾಲೆಮರದಿಂದ ಹುಟ್ಟಿ, ತಿರುಗುತ್ತಲೇ ಅರಗಿನ ಬಣ್ಣವನ್ನು ಉಡುತ್ತದೆ. ತಿರುಗಿದ್ದರಿಂದ ಕಲೆ ಕೆಡಲಿಲ್ಲ; ತಿರುಗಿಸಿದವನಿಗೆ ಕಣ್ಣಿತ್ತು. ಹೊಯ್ಸಳರ ಶಿಲ್ಪಿ ಮಲ್ಲಿತಮ್ಮ ಸೋಮನಾಥಪುರದಲ್ಲಿ ತನ್ನ ವಿಗ್ರಹಗಳ ಅಡಿಯಲ್ಲಿ ಹೆಸರು ಕೆತ್ತಿದ. ನಮ್ಮ ಸ್ಮರಣಿಕೆಯ ಅಡಿಯಲ್ಲಿ ಯಾರ ಹೆಸರೂ ಇರಲಿಲ್ಲ. ಕೆಟ್ಟದ್ದು ಇದು. ಯಂತ್ರದಲ್ಲಿ ಕೊರೆದುದನ್ನು 'ಕೈಕೆತ್ತನೆ' ಎಂದು ಮಾರುವುದು ಇನ್ನೂ ಕೆಟ್ಟದ್ದು. ಹೊಟ್ಟೆಪಾಡಿಗೆ ಉಳಿ ಹಿಡಿದವನ ಅನ್ನಕ್ಕೆ ಕಲ್ಲು ಹಾಕುವುದು ಯಂತ್ರವಲ್ಲ, ಆ ಸುಳ್ಳು.

ಯಂತ್ರದ ಅಭಿಮಾನಿಗಳಿಗೂ ಒಂದು ಮಾತು. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನಾಯಿತು. ಸಂತೋಷ. ಕಾನೂನು ಅಕ್ಷರದ ಅಳತೆಯನ್ನು ನೋಡುತ್ತದೆ. ಒತ್ತಕ್ಷರ ಕಾಲಡಿಯಿಂದ ಜಾರಿ ಪಕ್ಕಕ್ಕೆ ಬಂದು ನಿಂತಿತೆ, ಸೀಳು ಅಳಿಯಿತೆ ಎಂದು ನೋಡಬೇಕಾದವರು ಕೊರೆಯುವವರು. ಕೊರೆಯುವ ಮುನ್ನ ಕಂಪ್ಯೂಟರು ತೋರಿಸುವ ಅಕ್ಷರವನ್ನಲ್ಲ, ಬಿಟ್ ನಡೆಯುವ ದಾರಿಯನ್ನು ನೋಡಿ. ತಪ್ಪು ಅಡಗಿರುವುದು ಅಲ್ಲಿ.

ಕೊನೆಯ ಮಾತು ನಮಗೆ, ಕನ್ನಡ ಮೇಷ್ಟರುಗಳಿಗೆ. ಸಾಮಾನ್ಯ ಮುದ್ರಣಾಕ್ಷರಕ್ಕೆ ಅಂಚುಗಳು ಮಾತ್ರ ಇರುತ್ತವೆ. ಅದನ್ನೇ ಗೆರೆಯಾಗಿ ಕೊರೆಯಹೋದರೆ ಬಿಟ್ ಎರಡು ಅಂಚುಗಳಲ್ಲೂ ಓಡಿ ಒಂದು ಗೆರೆ ಎರಡಾಗುತ್ತದೆ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದ ಹರ್ಷೆ ಎಂಬ ವಿಜ್ಞಾನಿ ಗೆರೆಗಳಿಂದಲೇ ಆದ ಅಕ್ಷರಗಳನ್ನು 1967ರಲ್ಲಿ ಪ್ರಕಟಿಸಿದ. ರೋಮನ್, ಗ್ರೀಕ್, ರಷ್ಯನ್ ಅಕ್ಷರಗಳನ್ನೂ ಜಪಾನಿನ ಲಿಪಿಯನ್ನೂ ಅವನು ಸೇರಿಸಿದ್ದ. ಕನ್ನಡವಿಲ್ಲ. ಅವನಿಗೇಕೆ ಇರಬೇಕು? ಇರಬೇಕಾದದ್ದು ನಮಗೆ. ಕಲ್ಲಿನ ಮೇಲೆ ಗೆರೆಯಲ್ಲಿಯೇ ಬಾಳಿದ ಲಿಪಿಯ ಅಧ್ಯಾಪಕರು ನಾವು. ಯಂತ್ರಕ್ಕೊಂದು ಅಕ್ಷರಮಾಲೆ ತಿದ್ದಿಕೊಡಿ ಎಂದರೆ ಸಂಸ್ಕೃತಿಯ ಅವನತಿಯ ಮೇಲೆ ಉಪನ್ಯಾಸ ಮಾಡುತ್ತೇವೆ. ಆ ಸ್ಮರಣಿಕೆಯ ಮಾತನ್ನು ಫೋನಿನಲ್ಲಿ ಕಳುಹಿಸಿದವನು ನಾನೇ. ನಕ್ಷೆ ತೋರಿಸಿ ಎಂದು ನಾನೂ ಕೇಳಲಿಲ್ಲ.

ಹೊಸದೊಂದನ್ನು ತಂಗಿಯ ಮಗನ ಯಂತ್ರದಲ್ಲಿ ಮಾಡಿಸಿದೆವು. ಅಕ್ಷರವನ್ನು ನಾನು ಬರೆದೆ. ಮೈಯನ್ನು ರೌಟರ್ ಕೊರೆಯಿತು. ಮರವನ್ನು ಚಕ್‌ನಿಂದ ಕದಲಿಸದೆಯೇ ಸೀಳನ್ನು ಲೇಸರ್ ಸುಟ್ಟಿತು. ಮೊದಲ ಸಲ ಅಂತರದ ಲೆಕ್ಕ ಅರ್ಧ ಮಿಲಿಮೀಟರು ತಪ್ಪಿ ಸೀಳು ಓರೆಗೆ ಬಿತ್ತು, ಎರಡನೆಯದು ಸರಿಯಾಯಿತು. ತಳದಲ್ಲಿ 'ಬರೆದವನು', 'ಕೊರೆಸಿದವನು' ಎಂದು ಇಬ್ಬರ ಹೆಸರೂ ಇದೆ. ಇನ್ನು ಮುಂದೆ ತಪ್ಪು ಕಂಡವರಿಗೆ ಬಯ್ಯಲು ಯಂತ್ರ ಬೇಕಾಗುವುದಿಲ್ಲ.